ಅಂಕಿ ತಪ್ಪಿದ್ದು ವಾಚಿನದೋ ಎದೆಯದೋ: ಸ್ಮಾರ್ಟ್‌ವಾಚ್ ಹೃದಯ ಬಡಿತದ ದೋಷ ಹುಡುಕುವ ಕ್ರಮ

ಮುಂಬಯಿಯ ಮಾಟುಂಗದ ಉಪಾಹಾರಗೃಹವೊಂದರ ಗಲ್ಲಾದಲ್ಲಿ ಕೂರುವ ನನ್ನ ಭಾವನಿಗೆ ಮಗಳು ಸ್ಮಾರ್ಟ್‌ವಾಚ್ ತಂದುಕೊಟ್ಟ ನಾಲ್ಕನೆಯ ದಿನ, ಬೆಳಿಗ್ಗೆ ಆರೂಕಾಲಿಗೆ ನನಗೆ ಫೋನ್ ಬಂತು.

"ಮಾರಾಯ, ಎದೆಬಡಿತ 152 ತೋರಿಸುತ್ತಿದೆ. ಟ್ಯಾಕ್ಸಿ ಹಿಡಿಯಲೇ?"

"ಎದೆ ಒತ್ತಿದಂತಿದೆಯೇ ಭಾವ? ಉಸಿರು ಕಟ್ಟುತ್ತಿದೆಯೇ? ಕಣ್ಣು ಕತ್ತಲೆ?"

"ಅಂಥದ್ದೇನೂ ಇಲ್ಲ. ಅಡುಗೆಯ ಹುಡುಗ ಬಂದಿಲ್ಲ, ತೆಂಗಿನಕಾಯಿ ತುರಿಯುತ್ತಿದ್ದೆ, ಅಷ್ಟೇ."

ತುರಿಯುವುದನ್ನು ನಿಲ್ಲಿಸಿ ಗೋಡೆಗೆ ಒರಗಲು ಹೇಳಿದೆ. ಕೈ ಒರೆಸಿಕೊಂಡು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಎಣಿಸಲು ಹೇಳಿದೆ. ಸಮಯ ನಾನು ಈ ತುದಿಯಲ್ಲಿ ನೋಡಿದೆ. 30 ಸೆಕೆಂಡಿಗೆ 42, ಅಂದರೆ ನಿಮಿಷಕ್ಕೆ 84. ಅಷ್ಟರಲ್ಲಿ ವಾಚೂ ತಾನಾಗಿ 86ಕ್ಕೆ ಇಳಿದಿತ್ತು. "ಹಾಗಾದರೆ ಆ 152 ಯಾರದ್ದು?" ಎಂದು ಭಾವ ಕೇಳಿದರು. ತುರಿಯುತ್ತಿದ್ದ ಕೈಯದ್ದು.

ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮುಂಬಯಿಯ ಆಸ್ಪತ್ರೆಗಳಲ್ಲಿ ಇಸಿಜಿ ಯಂತ್ರ ಮತ್ತು ಮಾನಿಟರುಗಳನ್ನು ದುರಸ್ತಿ ಮಾಡಿಕೊಂಡಿದ್ದವನು. ವೈದ್ಯನಲ್ಲ. ನಿವೃತ್ತಿಯ ನಂತರ ನಮ್ಮ ಕಟ್ಟಡದವರು, ಕನ್ನಡ ಸಂಘದವರು ಮಣಿಕಟ್ಟು ಮುಂದೆ ಚಾಚಿಕೊಂಡೇ ಮಾತಿಗೆ ಬರುತ್ತಾರೆ. ಬರುವ ದೂರುಗಳು ಐದಾರೇ ಬಗೆಯವು. ಅವುಗಳನ್ನು ಕಾಸು ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ ಹೇಗೆ ಬಿಡಿಸುತ್ತೇನೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲಿಗೆ ಒಂದು ಮಾತು ತಿಳಿದಿದ್ದರೆ ಮುಂದಿನದೆಲ್ಲ ಸಲೀಸು. ವಾಚಿಗೆ ಹೃದಯ ಕಾಣುವುದಿಲ್ಲ. ಅದರ ಬೆನ್ನಿನಲ್ಲಿರುವ ಹಸಿರು ದೀಪ ಚರ್ಮದೊಳಗೆ ಬೆಳಕು ಹಾಯಿಸುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಬಡಿದಾಗಲೆಲ್ಲ ಚರ್ಮದ ಸಣ್ಣ ರಕ್ತನಾಳಗಳು ತುಸು ತುಂಬಿಕೊಳ್ಳುತ್ತವೆ, ಹಿಂದಿರುಗುವ ಬೆಳಕು ಅಷ್ಟು ಕಡಿಮೆಯಾಗುತ್ತದೆ. ಆ ಏರಿಳಿತ ಹಿಂದಿರುಗುವ ಬೆಳಕಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ವಾಚ್ ಅರ್ಧ ಮಿಲಿಮೀಟರ್ ಜಾರಿದರೆ ಬೆಳಕು ಅದಕ್ಕಿಂತ ಹೆಚ್ಚು ಅಲುಗುತ್ತದೆ. ಇಷ್ಟು ಗದ್ದಲದೊಳಗಿಂದ ಮಿಡಿತವನ್ನು ಊಹಿಸಿ ತೆಗೆಯುವುದೇ ವಾಚಿನ ಕಸುಬು. ಆಸ್ಪತ್ರೆಯ ಇಸಿಜಿ ಹಾಗಲ್ಲ, ಅದು ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ. ಕೆಲವು ವಾಚುಗಳಲ್ಲಿ ಬೆರಳು ಮುಟ್ಟಿಸಿ ತೆಗೆಯುವ ಒಂದೆಳೆಯ ಇಸಿಜಿಯೂ ಇರುತ್ತದೆ, ಆದರೆ ದಿನವಿಡೀ ಓಡುವ ಅಂಕಿ ಬರುವುದು ಹಸಿರು ದೀಪದಿಂದಲೇ.

ವಾಚ್ ನೋಡುತ್ತಾ ಕೂರಬಾರದ ಹೊತ್ತು

ದೋಷ ಹುಡುಕುವುದಕ್ಕೂ ಮುಂಚಿನ ಮಾತು ಇದು. ಎದೆಯ ಮೇಲೆ ಕಲ್ಲಿಟ್ಟಂತೆ ಒತ್ತಡ, ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವ ನೋವು, ತಣ್ಣನೆಯ ಬೆವರು, ಕುಳಿತಲ್ಲೇ ಏದುಸಿರು, ಪ್ರಜ್ಞೆ ತಪ್ಪುವುದು, ಇವುಗಳಲ್ಲಿ ಯಾವುದಿದ್ದರೂ ಅಂಕಿ ಎಷ್ಟಿದೆ ಎಂದು ನೋಡಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ 112ಕ್ಕೆ. ಹೃದಯಾಘಾತವಾಗುತ್ತಿರುವಾಗಲೂ ಬಡಿತ 72 ಇರಬಹುದು. ಹೃದಯಾಘಾತವನ್ನು ಕಂಡುಹಿಡಿಯುವ ಶಕ್ತಿ ಈ ವಾಚುಗಳಿಗಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ನೋವು ಸ್ಪಷ್ಟವಾಗಿರದೆ ಬರೀ ಸುಸ್ತು, ಹೊಟ್ಟೆ ತೊಳಸಿದಂತೆ ಕಾಣಿಸಿಕೊಳ್ಳುವುದೂ ಉಂಟು. ಗ್ಯಾಸ್ ಎಂದು ಸೋಡಾ ಕುಡಿದು, ವಾಚಿನಲ್ಲಿ ಎಲ್ಲ ಸರಿಯಿದೆ ಎಂದು ಸಮಾಧಾನಪಟ್ಟುಕೊಂಡು ಕುಳಿತವರನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ತಾವೇ ಗಾಡಿ ಓಡಿಸಿಕೊಂಡು ಹೋಗುವ ಸಾಹಸವಂತೂ ಬೇಡ.

ಅಂಥ ಲಕ್ಷಣ ಏನೂ ಇಲ್ಲ, ಅಂಕಿ ಮಾತ್ರ ವಿಚಿತ್ರ ಎಂದಾದರೆ ಐದು ನಿಮಿಷ ಕುಳಿತು ನಾಡಿ ನೋಡಿ. ಅಂಗೈ ಮೇಲಾಗಿಸಿ, ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೂಳೆಗೂ ಸ್ನಾಯುವಿನ ಹುರಿಗೂ ನಡುವಿನ ತಗ್ಗಿನಲ್ಲಿ ತೋರುಬೆರಳು ಮತ್ತು ಮಧ್ಯದ ಬೆರಳನ್ನು ಹಗುರವಾಗಿ ಇಡಿ. ಹೆಬ್ಬೆರಳಿನಿಂದ ನೋಡಬಾರದು, ಅದಕ್ಕೆ ತನ್ನದೇ ಮಿಡಿತವಿದೆ. ಗಟ್ಟಿಯಾಗಿ ಒತ್ತಿದರೆ ನಾಡಿಯೇ ಮುಚ್ಚಿಹೋಗುತ್ತದೆ. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಮಿಡಿತ ಎಡವುತ್ತಿದೆ ಎನಿಸಿದರೆ ಪೂರ್ತಿ ನಿಮಿಷ ಎಣಿಸಿ. ವಿಶ್ರಾಂತಿಯಲ್ಲಿರುವ ದೊಡ್ಡವರಿಗೆ 60ರಿಂದ 100 ಸಾಮಾನ್ಯ. ದಿನವೂ ಓಡುವವರಿಗೆ 50ರ ಆಸುಪಾಸು ಇದ್ದರೂ ಗಾಬರಿಯಿಲ್ಲ.

ಬೆರಳಿನ ಲೆಕ್ಕ ಸರಿಯಿದ್ದು ವಾಚಿನದು ತಪ್ಪಿದ್ದರೆ ಮುಂದೆ ಓದಿ. ಎರಡೂ ಒಂದೇ ಹೇಳುತ್ತಿದ್ದು, ಸುಮ್ಮನೆ ಕುಳಿತು ಹತ್ತು ನಿಮಿಷವಾದರೂ 120ರ ಕೆಳಗೆ ಇಳಿಯದಿದ್ದರೆ, ಬೇರೆ ತೊಂದರೆ ಇಲ್ಲದಿದ್ದರೂ ಅಂದೇ ವೈದ್ಯರಿಗೆ ತೋರಿಸಿ. ಎಂದೂ ಇಲ್ಲದೆ 50ರ ಕೆಳಗೆ ಬಂದು ತಲೆ ಹಗುರವೆನಿಸಿದರೂ ಹಾಗೆಯೇ.

ಅಂಕಿಯೇ ಬರುವುದಿಲ್ಲ, ಎರಡು ಗೆರೆ ಮಾತ್ರ

ವಾಚ್ ತೆಗೆದು ಬೆನ್ನು ನೋಡಿ. ನಗಬೇಡಿ, ಡಬ್ಬದಿಂದ ಬಂದಾಗ ಸೆನ್ಸರಿನ ಮೇಲೆ ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಹಾಗೆಯೇ ಬಿಟ್ಟು ತಿಂಗಳುಗಟ್ಟಲೆ ಕಟ್ಟಿಕೊಂಡವರು ನಮ್ಮ ಕಟ್ಟಡದಲ್ಲೇ ಇಬ್ಬರಿದ್ದಾರೆ. ಹೊಸತನ ಹೋಗದಿರಲಿ ಎಂಬ ಕಾಳಜಿ! ಹಾಳೆ ಇಲ್ಲದಿದ್ದರೆ ಬೆವರಿನ ಉಪ್ಪು, ಎಣ್ಣೆ, ಸನ್‌ಸ್ಕ್ರೀನಿನ ಪದರ ಇದ್ದೀತು. ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಮಣಿಕಟ್ಟನ್ನೂ ಒಣಗಿಸಿ.

ಎರಡನೆಯದು ಕಟ್ಟುವ ಜಾಗ. ಮಣಿಕಟ್ಟಿನ ಉಬ್ಬಿದ ಮೂಳೆಯ ಮೇಲೆ ವಾಚ್ ಕೂತರೆ ಅಡಿಯಲ್ಲಿ ಸಂದು ಉಳಿಯುತ್ತದೆ, ಹೊರಗಿನ ಬೆಳಕು ನುಗ್ಗುತ್ತದೆ. ಮೂಳೆಯಿಂದ ಒಂದು ಬೆರಳಿನ ಅಗಲ ಮೇಲಕ್ಕೆ, ಮೊಣಕೈ ಕಡೆಗೆ ಏರಿಸಿ. ಕೈ ಅಲ್ಲಾಡಿಸಿದರೆ ವಾಚ್ ಜಾರಬಾರದು, ತೆಗೆದಾಗ ಚರ್ಮದ ಮೇಲೆ ಆಳದ ಗುರುತೂ ಬೀಳಬಾರದು. ಬಳೆ ತೊಡುವವರಿಗೆ ಇಲ್ಲಿಯೇ ತೊಡಕು: ಮೇಲೆ ಏರಿಸಿದ ವಾಚನ್ನು ಬಳೆಗಳು ತಳ್ಳುತ್ತಿರುತ್ತವೆ. ಬಳೆ ಒಂದು ಕೈಗೆ, ವಾಚ್ ಇನ್ನೊಂದಕ್ಕೆ ಎಂದು ಹಂಚಿಕೊಳ್ಳುವುದೇ ಲೇಸು. ಯಾವ ಕೈ ಎಂಬುದನ್ನು ಸೆಟ್ಟಿಂಗ್‌ನಲ್ಲಿ ಬದಲಿಸಲು ಮಾತ್ರ ಮರೆಯಬೇಡಿ. ಹಚ್ಚೆಯ ಶಾಯಿ ಬೆಳಕನ್ನು ನುಂಗುತ್ತದೆ. ಹಚ್ಚೆಯಿದ್ದರೆ ಅದಿಲ್ಲದ ಕೈಗೆ ಕಟ್ಟಿ.

ಮೂರನೆಯದು ತಣುಪು. ಮುಂಬಯಿಯಲ್ಲಿ ಚಳಿಯೆಲ್ಲಿ ಎನ್ನಬೇಡಿ, ಇಲ್ಲಿನ ಚಳಿಗಾಲ ಇರುವುದು ಕಚೇರಿಯ ಎಸಿಯಲ್ಲಿ. ಹೊರಗೆ ಬೆವರಿ, ಎಸಿ ಲೋಕಲ್ ರೈಲು ಹತ್ತಿ, ಎಸಿ ಕಚೇರಿಯಲ್ಲಿ ಕೂತರೆ ಬೆರಳ ತುದಿ ತಣ್ಣಗಾಗುತ್ತದೆ. ಚರ್ಮದ ರಕ್ತನಾಳಗಳು ಸೆಟೆದುಕೊಳ್ಳುತ್ತವೆ, ವಾಚಿಗೆ ಸಿಗುವ ಆ ಒಂದೆರಡು ಪಾಲೂ ಕುಗ್ಗುತ್ತದೆ. ಎರಡು ಅಂಗೈ ಉಜ್ಜಿ, ಬಿಸಿ ಚಹಾದ ಲೋಟ ಹಿಡಿದು ಐದು ನಿಮಿಷ ಬಿಟ್ಟು ನೋಡಿ. ಅಂಕಿ ಬಂದರೆ ವಾಚ್ ನಿರಪರಾಧಿ.

ಇಷ್ಟಾದರೂ ಬರದಿದ್ದರೆ ಕತ್ತಲ ಕೋಣೆಯಲ್ಲಿ ವಾಚನ್ನು ಕೈಗೆ ಕಟ್ಟಿ, ವಾಚಿನ ವ್ಯಾಯಾಮದ ಮೋಡ್ ಆರಂಭಿಸಿ, ಅಂಚು ತುಸು ಎತ್ತಿ ನೋಡಿ. ಹಸಿರು ಮಿನುಗಬೇಕು. ಸುಮ್ಮನಿರುವಾಗ ಹಸಿರು ಕಾಣದಿದ್ದರೆ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ, ಕೆಲವು ವಾಚುಗಳು ವಿಶ್ರಾಂತಿಯಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ ಅಳೆಯುತ್ತವೆ. ಬ್ಯಾಟರಿ ಉಳಿಸುವ ಮೋಡ್ ಚಾಲೂ ಇದ್ದರೆ ಸೆನ್ಸರ್ ಮಲಗಿರುತ್ತದೆ, ಅದನ್ನು ಮೊದಲು ಬಂದ್ ಮಾಡಿ. ವಾಚನ್ನು ಒಮ್ಮೆ ಆರಿಸಿ ಹಚ್ಚಿ. ವ್ಯಾಯಾಮದಲ್ಲೂ ದೀಪ ಹೊತ್ತದಿದ್ದರೆ ದೋಷ ಯಂತ್ರದೊಳಗಿನದು, ವಾರಂಟಿ ಚೀಟಿ ಹುಡುಕಿ.

ಮಳೆಗಾಲದಲ್ಲಿ ಇನ್ನೊಂದು ಲಕ್ಷಣ ನೋಡಬೇಕು. ಸೆನ್ಸರಿನ ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದ್ದರೆ ನೀರು ಒಳಹೊಕ್ಕಿದೆ. ವಾಚನ್ನು ಬಂದ್ ಮಾಡಿಬಿಡಿ, ಚಾರ್ಜಿಗೆ ಇಡಬೇಡಿ. ಅಕ್ಕಿಯ ಡಬ್ಬಿಯಲ್ಲಿ ಹೂಳುವ ಮನೆಮದ್ದಿನಿಂದ ಅಕ್ಕಿಯ ಧೂಳು ಚಾರ್ಜಿಂಗ್ ಪಿನ್ನಿಗೆ ಮೆತ್ತಿಕೊಳ್ಳುತ್ತದೆ, ಒಳಗಿನ ನೀರು ಒಳಗೇ ಇರುತ್ತದೆ.

ಅಂಕಿ ಬರುತ್ತದೆ, ಆದರೆ ಹಳಸಿದ್ದು

"ದಾದರ್ ಸೇತುವೆಯ ಮೆಟ್ಟಿಲು ಹತ್ತಿ ಮುಗಿದು ಎದೆ ಡವಗುಟ್ಟುತ್ತಿದೆ, ಇದು ಇನ್ನೂ 78 ಎನ್ನುತ್ತಿದೆ" ಎಂಬ ದೂರು. ಇದು ದೋಷವಲ್ಲ, ಜಿಪುಣತನ. ಬ್ಯಾಟರಿ ಉಳಿಸಲು ಹಲವು ವಾಚುಗಳು ಸಾಮಾನ್ಯ ಹೊತ್ತಿನಲ್ಲಿ ಕೆಲವು ನಿಮಿಷಗಳಿಗೊಮ್ಮೆ ಮಾತ್ರ ಇಣುಕಿ ನೋಡುತ್ತವೆ. ನೀವು ಮೆಟ್ಟಿಲ ಮೇಲೆ ನೋಡಿದ 78, ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕುಳಿತಿದ್ದಾಗ ಅಳೆದದ್ದು. ಆ್ಯಪಿನ ಸೆಟ್ಟಿಂಗ್‌ನಲ್ಲಿ ಹೃದಯ ಬಡಿತದ ಅಳತೆಯನ್ನು 'ನಿರಂತರ' ಎಂದು ಬದಲಿಸಬಹುದು, ಚಾರ್ಜ್ ಬೇಗ ಮುಗಿಯುತ್ತದೆ. ಆ ಗಳಿಗೆಯ ಬಡಿತವೇ ಬೇಕಿದ್ದರೆ ನಡಿಗೆಯೋ ಓಟವೋ ಯಾವುದಾದರೊಂದು ವ್ಯಾಯಾಮ ಆರಂಭಿಸುವುದು ಸುಲಭದ ದಾರಿ, ಆಗ ದೀಪ ಬಿಡುವಿಲ್ಲದೆ ಉರಿಯುತ್ತದೆ.

ಆಗಲೂ ಅಂಕಿ ಕೆಲವು ಸೆಕೆಂಡು ಹಿಂದೆ ಇರುತ್ತದೆ. ಒಂದೊಂದೇ ಮಿಡಿತವನ್ನು ನಂಬದೆ ಹಲವನ್ನು ಸರಾಸರಿ ಮಾಡುವುದರಿಂದ ಹೀಗೆ. ಅರ್ಧ ನಿಮಿಷ ಜೋರು ಓಟ, ಅರ್ಧ ನಿಮಿಷ ನಡಿಗೆ ಎಂದು ಮಾಡುವವರಿಗೆ ಓಟದ ಶಿಖರ ನಡಿಗೆಯ ಹೊತ್ತಿನಲ್ಲಿ ಕಾಣುತ್ತದೆ. ಇನ್ನು ಫೋನಿನ ಪರದೆಯ ಮೇಲೆ ನೋಡುವುದು ಅದಕ್ಕಿಂತ ಹಿಂದಿನದು. ವಾಚ್ ತನ್ನ ಲೆಕ್ಕವನ್ನು ಕಂತಿನಲ್ಲಿ ಕಳಿಸುತ್ತದೆ. ನೇರ ಅಂಕಿ ಬೇಕಿದ್ದರೆ ವಾಚಿನ ಮುಖವನ್ನೇ ನೋಡಿ.

ಸುಮ್ಮನೆ ನಡೆದರೂ 160, 170

ಭಾವನ ತೆಂಗಿನಕಾಯಿಯ ಕಥೆ ಇಲ್ಲಿಗೆ ಸೇರಿದ್ದು. ನನಗೆ ಬರುವ ಗಾಬರಿಯ ಕರೆಗಳಲ್ಲಿ ಹೆಚ್ಚಿನವು ಇದೇ ಬಗೆಯವು, ಆದ್ದರಿಂದ ತುಸು ವಿವರವಾಗಿ ಹೇಳುತ್ತೇನೆ.

ತಾಳ ಹಿಡಿದು ಅಲುಗುವ ಯಾವುದೇ ಕೆಲಸದಲ್ಲಿ ಕೈಯೊಳಗಿನ ರಕ್ತವೂ ವಾಚೂ ಅದೇ ತಾಳಕ್ಕೆ ಕದಲುತ್ತವೆ. ಬೆಳಕಿನಲ್ಲಿ ಎರಡು ತಾಳ ಕಾಣಿಸುತ್ತವೆ, ಒಂದು ಎದೆಯದು, ಇನ್ನೊಂದು ಕೈಯದು. ಅಲುಗಾಟದ ಸೆನ್ಸರನ್ನು ಇಟ್ಟುಕೊಂಡು ಕೈಯ ತಾಳವನ್ನು ಕಳೆಯಲು ವಾಚ್ ಪ್ರಯತ್ನಿಸುತ್ತದೆ. ಎದೆಯದು ಕ್ಷೀಣವಾಗಿ ಕೈಯದು ಜೋರಾಗಿದ್ದರೆ ಎಡವಿ ಕೈಯದನ್ನೇ ಹಿಡಿಯುತ್ತದೆ. ಓಡುವವರ ಹೆಜ್ಜೆ ಸಾಮಾನ್ಯವಾಗಿ ನಿಮಿಷಕ್ಕೆ 150ರಿಂದ 180. ದುರದೃಷ್ಟಕ್ಕೆ ಜೋರಾಗಿ ಓಡುವವರ ಎದೆಬಡಿತವೂ ಅದೇ ಸೀಮೆಯದು, ಹಾಗಾಗಿ ಅಂಕಿ ನೋಡಿದರೆ ಅನುಮಾನವೇ ಬರುವುದಿಲ್ಲ. ಜನವರಿಯ ಮುಂಬಯಿ ಮ್ಯಾರಥಾನಿಗೆಂದು ಮರೀನ್ ಡ್ರೈವಿನಲ್ಲಿ ತಯಾರಿ ನಡೆಸುವ ಹುಡುಗರು ಹೆಜ್ಜೆಯ ಲೆಕ್ಕವನ್ನು ಎದೆಯ ಲೆಕ್ಕವೆಂದು ಹಂಚಿಕೊಂಡು ಹೆಮ್ಮೆಪಡುವುದುಂಟು.

ಪತ್ತೆ ಮಾಡುವುದು ಹೇಗೆ? ವಾಚಿನಲ್ಲಿ ಹೆಜ್ಜೆಯ ವೇಗವೂ ಕಾಣುವಂತೆ ಮಾಡಿಕೊಳ್ಳಿ. ಎರಡು ಅಂಕಿಗಳು ಜೋಡಿ ಎತ್ತುಗಳಂತೆ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿದ್ದರೆ ಕಳ್ಳ ಸಿಕ್ಕಂತೆಯೇ. ಇನ್ನೊಂದು ಪರೀಕ್ಷೆ: ಥಟ್ಟನೆ ನಿಂತುಬಿಡಿ. ನಿಜವಾದ ಬಡಿತ 165 ಇದ್ದರೆ ಒಂದು ನಿಮಿಷದುದ್ದಕ್ಕೂ ನಿಧಾನವಾಗಿ ಇಳಿಯುತ್ತದೆ. ಹೆಜ್ಜೆಯದಾಗಿದ್ದರೆ ಕೆಲವೇ ಸೆಕೆಂಡಿಗೆ 165ರಿಂದ 95ಕ್ಕೆ ಬಾವಿಗೆ ಬಿದ್ದ ಕೊಡದಂತೆ ಬೀಳುತ್ತದೆ. ಹೃದಯ ಹಾಗೆ ಬೀಳುವುದು ಅಪರೂಪ. ಮೂರನೆಯದು ನಿಮ್ಮದೇ ಮಾತು. ಪಕ್ಕದವರೊಡನೆ ಉದ್ದುದ್ದ ವಾಕ್ಯದಲ್ಲಿ ಹರಟುತ್ತಾ ನಡೆಯಬಲ್ಲಿರಾದರೆ ಅರವತ್ತರ ವಯಸ್ಸಿನಲ್ಲಿ 170 ಇರಲಾರದು. ಗರಿಷ್ಠ ಬಡಿತಕ್ಕೆ 220ರಿಂದ ವಯಸ್ಸು ಕಳೆಯುವ ಲೆಕ್ಕ ಎಲ್ಲರಿಗೂ ಗೊತ್ತು. ಅದು ಬರೀ ಅಂದಾಜು, ಒಬ್ಬರಿಂದೊಬ್ಬರಿಗೆ ಹತ್ತು ಹನ್ನೆರಡು ಆಚೀಚೆ ಆಗುವುದು ಸಾಮಾನ್ಯ.

ಪರಿಹಾರ ಅಗ್ಗದ್ದು. ಹೊರಡುವ ಮುನ್ನ ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿ, ಮುಗಿದ ಮೇಲೆ ಸಡಿಲಿಸಿ. ಮಣಿಕಟ್ಟಿನಿಂದ ಎರಡು ಮೂರು ಬೆರಳು ಮೇಲಕ್ಕೆ ಏರಿಸಿ, ಅಲ್ಲಿ ಮಾಂಸ ಹೆಚ್ಚು, ಅಲುಗಾಟ ಕಡಿಮೆ. ಮೊದಲ ಐದು ನಿಮಿಷ ನಿಧಾನ ನಡೆದು ಮೈ ಬಿಸಿಯಾಗಲಿ, ಚರ್ಮಕ್ಕೆ ರಕ್ತ ಬಂದರೆ ಎದೆಯ ತಾಳ ಗಟ್ಟಿಯಾಗಿ ಕೇಳುತ್ತದೆ. ಚಪಾತಿ ಲಟ್ಟಿಸುವಾಗ, ಬಟ್ಟೆ ಕುಕ್ಕುವಾಗ, ಕಾಯಿ ತುರಿಯುವಾಗ ಬರುವ ಅಂಕಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ. ಗುಂಡಿ ಬಿದ್ದ ರಸ್ತೆಯಲ್ಲಿ ಬೈಕಿನ ಹ್ಯಾಂಡಲ್ ಹಿಡಿದಾಗ ಬರುವುದನ್ನೂ ಅಷ್ಟೇ.

ಎಷ್ಟು ಮಾಡಿದರೂ ಸರಿಹೋಗದವರಿಗೆ, ತರಬೇತಿಯನ್ನು ಗಂಭೀರವಾಗಿ ತೆಗೆದುಕೊಂಡವರಿಗೆ ಎದೆಪಟ್ಟಿಯೇ ಮದ್ದು. ಅದು ಇಸಿಜಿಯಂತೆ ವಿದ್ಯುತ್ತನ್ನು ಹಿಡಿಯುತ್ತದೆ, ಕೈಯ ಅಲುಗಾಟಕ್ಕೆ ಮೋಸ ಹೋಗುವುದಿಲ್ಲ. ಹಾಕುವ ಮುನ್ನ ಅದರ ರಬ್ಬರ್ ಪಟ್ಟಿಯ ಒಳಮೈಯನ್ನು ನೀರಿನಿಂದ ಒದ್ದೆ ಮಾಡಬೇಕು. ಒಣಗಿದ್ದರೆ ಮೊದಲ ಹತ್ತು ನಿಮಿಷ ಹುಚ್ಚು ಅಂಕಿ ಬರುತ್ತದೆ, ಬೆವರು ಬಂದ ಮೇಲೆ ತಾನೇ ಸರಿಯಾಗುತ್ತದೆ. ಆಮೇಲೂ ಅಂಕಿ ಕುಣಿದರೆ ಒಳಗಿನ ಬಿಲ್ಲೆ ಬ್ಯಾಟರಿ ಬದಲಿಸಿ. ಹೆಚ್ಚಿನವಕ್ಕೆ ಹಾಕುವುದು ಸಿಆರ್ 2032 ಎಂಬುದು, ವಾಚಿನಂಗಡಿಯಲ್ಲೇ ಸಿಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಹಳೆಯ ಬಿಲ್ಲೆಯನ್ನು ಮೇಜಿನ ಮೇಲೆ ಬಿಡಬೇಡಿ. ನುಂಗಿದರೆ ಅನ್ನನಾಳ ಸುಟ್ಟು ತೂತಾಗಬಹುದು.

ಇದೇ ಜಾತಿಯ ಇನ್ನೊಂದು ಪ್ರಶ್ನೆ: "ಬಾಳೆಹಣ್ಣಿಗೆ ಕಟ್ಟಿದರೂ 70 ತೋರಿಸುತ್ತದೆ, ಇದು ನಕಲಿಯೇ?" ಇರಲೂಬಹುದು, ಇಲ್ಲದಿರಲೂಬಹುದು. ಬೆಳಕಿನ ಗದ್ದಲದಲ್ಲಿ ತಾಳ ಹುಡುಕುವುದೇ ವಾಚಿನ ಕೆಲಸವಾದ್ದರಿಂದ ಒಳ್ಳೆಯ ವಾಚೂ ಬಾಳೆಹಣ್ಣಿನಲ್ಲಿ ಏನೋ ಒಂದನ್ನು ಕಂಡುಕೊಂಡೀತು. ಅದಕ್ಕಿಂತ ನಿಮ್ಮ ಕೈಯಲ್ಲೇ ಪರೀಕ್ಷಿಸಿ. ಕುಳಿತಾಗ ಬೆರಳಿನ ಲೆಕ್ಕಕ್ಕೆ ಹೋಲಿಸಿ, ನಾಲ್ಕು ಮಹಡಿ ಹತ್ತಿ ಬಂದು ಮತ್ತೆ ಹೋಲಿಸಿ. ಮೆಟ್ಟಿಲು ಹತ್ತಿದರೂ 70ರಿಂದ 75ರೊಳಗೇ ಸುತ್ತುತ್ತಿದ್ದರೆ ಅದು ಸುಮ್ಮನೆ ಅಂಕಿ ಹೆಣೆಯುವ ಆಟಿಕೆ. ಫುಟ್‌ಪಾತಿನ ಐನೂರು ರೂಪಾಯಿಯ ವಾಚುಗಳಲ್ಲಿ ಇಂಥವು ಧಾರಾಳ. ಹೃದಯದ ಔಷಧಿ ತೆಗೆದುಕೊಳ್ಳುವವರ ಕೈಗೆ ಅದನ್ನು ಕಟ್ಟಬೇಡಿ.

ನಿಜಕ್ಕಿಂತ ಕಡಿಮೆ, ಕೆಲವೊಮ್ಮೆ ಸರಿಯಾಗಿ ಅರ್ಧ

ಇಲ್ಲಿ ನಿಧಾನಿಸಿ ಓದಿ. ಹೆಚ್ಚು ತೋರಿಸುವ ವಾಚ್ ಗಾಬರಿ ಹುಟ್ಟಿಸುತ್ತದೆ, ಕಡಿಮೆ ತೋರಿಸುವುದು ಸುಳ್ಳು ಧೈರ್ಯ ಕೊಡುತ್ತದೆ. ನನಗೆ ಎರಡನೆಯದರ ಭಯವೇ ಹೆಚ್ಚು.

ಸರಳ ಕಾರಣ ಹಿಡಿತ. ಡಂಬೆಲ್ ಎತ್ತುವಾಗ, ಸೈಕಲ್ಲಿನ ಹ್ಯಾಂಡಲ್ ಮೇಲೆ ಭಾರ ಹಾಕಿದಾಗ, ಕಿಕ್ಕಿರಿದ ಲೋಕಲಿನಲ್ಲಿ ವಾಚಿನ ಕೈಯಿಂದಲೇ ಹಿಡಿಕೆಗೆ ಜೋತುಬಿದ್ದಾಗ ಮುಂಗೈಯ ಸ್ನಾಯು ಸೆಟೆದು ರಕ್ತನಾಳಗಳನ್ನು ಅದುಮುತ್ತದೆ. ಚರ್ಮಕ್ಕೆ ರಕ್ತ ಕಡಿಮೆಯಾಗಿ ವಾಚ್ ಮಿಡಿತಗಳನ್ನು ಕಳೆದುಕೊಳ್ಳುತ್ತದೆ. ಪಟ್ಟಿಯನ್ನು ಅತಿಯಾಗಿ ಬಿಗಿದರೂ ಇದೇ ಗತಿ. ಕೈ ಬದಲಿಸಿ ಅರ್ಧ ನಿಮಿಷ ಕಾದರೆ ಗೊತ್ತಾಗುತ್ತದೆ.

ಮೆಟೊಪ್ರೊಲಾಲ್, ಅಟೆನೊಲಾಲ್ ಜಾತಿಯ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರ ಬಡಿತ ನಿಜವಾಗಿಯೂ ಕಡಿಮೆಯೇ ಇರುತ್ತದೆ, ವ್ಯಾಯಾಮದಲ್ಲೂ ಹೆಚ್ಚು ಏರುವುದಿಲ್ಲ. ವಾಚ್ ಹಾಕುವ 'ಗುರಿ' ಅವರಿಗೆ ಅನ್ವಯಿಸದು. ಆ ಗುರಿ ಮುಟ್ಟಲು ಉಸಿರು ಸಿಕ್ಕಿಹಾಕಿಕೊಳ್ಳುವಂತೆ ಓಡಬೇಡಿ. ಅಂಕಿ ಕಡಿಮೆ ಬಂತೆಂದು ತಾವೇ ಮಾತ್ರೆ ನಿಲ್ಲಿಸುವುದು ಅದಕ್ಕಿಂತ ಅಪಾಯ.

ಈಗ ಕಠಿಣವಾದದ್ದು. ನಮ್ಮ ಮೂರನೆಯ ಮಹಡಿಯ ಅಜ್ಜಿಯ ವಾಚ್ ಒಂದು ಸಂಜೆ 44 ತೋರಿಸಿತು. ಮೊಮ್ಮಗ ನನ್ನನ್ನು ಕರೆದ. ನಾನು ನಾಡಿ ಹಿಡಿದೆ, ನನ್ನ ಬೆರಳಿಗೂ 44. ಹಾಗಾದರೆ ವಾಚ್ ಸರಿ ಎಂದುಕೊಳ್ಳಬೇಕಿತ್ತು. ಆದರೆ ಮಿಡಿತದ ನಡೆ ಹಿಡಿಸಲಿಲ್ಲ. ಒಂದು ಗಟ್ಟಿ ಪೆಟ್ಟು, ಆಮೇಲೆ ಉದ್ದ ಬಿಡುವು, ಬಿಡುವಿನ ನಡುವೆ ಎಲ್ಲೋ ಚಿಟ್ಟೆ ಮುಟ್ಟಿಹೋದಂತೆ ಒಂದು ಸೂಕ್ಷ್ಮ ಅಲುಗು, ಅದೂ ಪ್ರತಿ ಸಲವಲ್ಲ. ಅಂದೇ ರಾತ್ರಿ ವೈದ್ಯರಲ್ಲಿ ಇಸಿಜಿ ತೆಗೆಸಿದಾಗ ಬಡಿತ 88 ಇತ್ತು. ಪ್ರತಿ ಸಹಜ ಬಡಿತದ ಬೆನ್ನಿಗೇ ಒಂದು ಅವಸರದ ಬಡಿತ. ಹೃದಯದ ಕೋಣೆ ತುಂಬುವ ಮೊದಲೇ ಹೊಡೆಯುವ ಅಂಥ ಬಡಿತ ಹೊರದಬ್ಬುವ ರಕ್ತ ತೀರಾ ಸ್ವಲ್ಪ, ಅದರ ಅಲೆ ಮಣಿಕಟ್ಟಿನವರೆಗೆ ಬರುವುದೇ ಕಷ್ಟ. ವಾಚಿಗೂ ಸಿಗಲಿಲ್ಲ, ಬೆರಳಿಗೂ ಸಿಗಲಿಲ್ಲ.

ಎಣಿಕೆಯನ್ನು ನಂಬಿ ಎಂದು ಮೇಲೆ ಹೇಳಿದವನೇ ಈಗ ತಿದ್ದಬೇಕಾಗಿದೆ: ಎಣಿಕೆಯ ಜೊತೆಗೆ ನಡೆಯನ್ನೂ ನೋಡಿ. ಗಡಿಯಾರದಂತೆ ಸಮನಾಗಿದೆಯೇ, ಆಗೊಮ್ಮೆ ಈಗೊಮ್ಮೆ ಒಂದನ್ನು ಬಿಟ್ಟು ನಡೆಯುತ್ತಿದೆಯೇ, ಅಥವಾ ತಾಳವೇ ಇಲ್ಲದೆ ಚೆಲ್ಲಾಪಿಲ್ಲಿಯಾಗಿದೆಯೇ. ಅಪರೂಪಕ್ಕೊಂದು ತಪ್ಪುವುದು ಆರೋಗ್ಯವಂತರಲ್ಲೂ ಇದೆ, ನಿದ್ದೆಗೆಟ್ಟ ಮರುದಿನ, ಕಾಫಿ ಹೆಚ್ಚಾದ ದಿನ ಗಮನಕ್ಕೆ ಬರುತ್ತದೆ. ತಾಳವೇ ಇಲ್ಲದ್ದು ಬೇರೆ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆಗಳು ಬಡಿಯುವ ಬದಲು ನಡುಗುತ್ತವೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ಇದರಲ್ಲಿಯೂ ಕೆಲವು ಬಡಿತಗಳು ಮಣಿಕಟ್ಟು ತಲುಪದೆ ವಾಚ್ ಕಡಿಮೆ ಎಣಿಸುತ್ತದೆ, ಅಂಕಿ 70, 110, 85 ಎಂದು ಜಿಗಿಯುತ್ತದೆ. ಕುಳಿತಿರುವಾಗ, ಪಟ್ಟಿ ಸರಿಯಿರುವಾಗ, ಕೈ ಅಲುಗದಿರುವಾಗ ಹೀಗೆ ಜಿಗಿಯುತ್ತಿದ್ದರೆ ವಾಚನ್ನು ದೂರುವುದನ್ನು ಬಿಟ್ಟು ಇಸಿಜಿ ತೆಗೆಸಿ. ವಾಚೇ 'ಅನಿಯಮಿತ ಬಡಿತ' ಎಂದು ಎಚ್ಚರಿಸಿದರೂ ಅಷ್ಟೇ. ಆ ಎಚ್ಚರಿಕೆ ರೋಗ ನಿರ್ಣಯವಲ್ಲ, ಆದರೆ ಒರೆಸಿಹಾಕುವಂಥದ್ದೂ ಅಲ್ಲ. ಮುಖ ಒಂದು ಕಡೆ ವಾಲಿದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಮತ್ತೆ 108.

ರಾತ್ರಿಯ ಎಚ್ಚರಿಕೆಗಳು

ನಿದ್ದೆಯಲ್ಲಿ ಬಡಿತ ಇಳಿಯುವುದು ಸಹಜ, ಹಗಲು 62 ಇರುವವರಿಗೆ ರಾತ್ರಿ 50 ಆದರೆ ಅಚ್ಚರಿಯಿಲ್ಲ. ಮಧ್ಯರಾತ್ರಿ ಒಂದೇ ಒಂದು ಮೊಳೆಯಂತೆ 140 ಎದ್ದು ಮರುಕ್ಷಣ ಇಳಿದಿದ್ದರೆ ಮಗ್ಗುಲು ಬದಲಿಸಿದಾಗ ವಾಚ್ ಜಾರಿದೆ. ಕೈಯನ್ನು ತಲೆಯ ಕೆಳಗಿಟ್ಟು ಮಲಗುವವರ ನಕ್ಷೆಯಲ್ಲಿ ಖಾಲಿ ತುಂಡುಗಳಿರುತ್ತವೆ. ಇಡೀ ರಾತ್ರಿ ಎಂದಿಗಿಂತ ಹತ್ತು ಹೆಚ್ಚಿದ್ದರೆ ಅದು ವಾಚಿನ ತಪ್ಪಲ್ಲ. ಜ್ವರ, ತಡರಾತ್ರಿಯ ಭಾರೀ ಊಟ, ಮದ್ಯ, ನೀರು ಸಾಲದ್ದು ಇವುಗಳನ್ನು ಯೋಚಿಸಿ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಬಡಿತ ಹತ್ತರಷ್ಟು ಏರುವುದುಂಟು. ನಿದ್ದೆಯಲ್ಲಿ ಗೊರಕೆ ನಿಂತು ಉಸಿರು ಕಟ್ಟಿ ಬೆಚ್ಚಿ ಏಳುವವರು ವೈದ್ಯರಿಗೆ ಅದನ್ನೇ ಹೇಳಬೇಕು, ನಕ್ಷೆಯನ್ನಲ್ಲ.

ವಾಚಿನಲ್ಲಿದೆ, ಫೋನಿನಲ್ಲಿಲ್ಲ

ಇದು ಹೃದಯಕ್ಕೆ ಸಂಬಂಧವೇ ಇಲ್ಲದ ರೋಗ. ಬ್ಲೂಟೂತ್ ಚಾಲೂ ಇದೆಯೇ ನೋಡಿ. ಬ್ಯಾಟರಿ ಉಳಿಸುವ ನೆಪದಲ್ಲಿ ಫೋನ್ ಆ ಆ್ಯಪನ್ನು ಹಿನ್ನೆಲೆಯಲ್ಲಿ ಕೊಂದುಹಾಕುವುದೇ ಹೆಚ್ಚಿನ ಸಲದ ಕಾರಣ. ಫೋನಿನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ ಆ್ಯಪಿಗೆ ನಿರ್ಬಂಧ ತೆಗೆಯಿರಿ. ಹತ್ತಿರದ ಸಾಧನಗಳ ಅನುಮತಿ ಕೊಟ್ಟಿದ್ದೀರಾ ಪರೀಕ್ಷಿಸಿ. ಹಳೆಯ ಫೋನ್ ಮನೆಯಲ್ಲೇ ಬಿದ್ದಿದ್ದು ಅದರ ಬ್ಲೂಟೂತ್ ಉರಿಯುತ್ತಿದ್ದರೆ ವಾಚ್ ಅದಕ್ಕೇ ಅಂಟಿಕೊಂಡಿರಬಹುದು. ಎರಡನ್ನೂ ಆರಿಸಿ ಹಚ್ಚಿ. ಪೂರ್ತಿ ಅಳಿಸಿ ಹೊಸದಾಗಿ ಜೋಡಿಸುವುದು ಕೊನೆಯ ಮಾರ್ಗ, ಫೋನಿಗೆ ಇನ್ನೂ ಬರದ ದಾಖಲೆ ಅದರಿಂದ ಹೋಗುತ್ತದೆ.

ಚರ್ಮ ಕೆಂಪಾಗಿದೆ, ವಾಚ್ ಬಿಸಿಯಾಗಿದೆ, ಬೆನ್ನು ಎದ್ದಿದೆ

ಮೂರೂ ಒಂದೇ ಅಲ್ಲ. ಕೆಂಪು ಮತ್ತು ತುರಿಕೆ ಹೆಚ್ಚಾಗಿ ಪಟ್ಟಿಯಡಿ ಸಿಕ್ಕಿಬಿದ್ದ ಬೆವರು, ಸೋಪಿನದು. ನಮ್ಮ ಊರಿನ ಸೆಕೆಯಲ್ಲಿ ಮೇ ತಿಂಗಳಿಡೀ ಇದು ಇದ್ದದ್ದೇ. ತೆಗೆದಿಟ್ಟು ಚರ್ಮ ಒಣಗಲು ಬಿಡಿ, ಪಟ್ಟಿ ತೊಳೆಯಿರಿ, ರಾತ್ರಿ ಸಡಿಲವಾಗಿ ಕಟ್ಟಿ. ಗುಳ್ಳೆಯೆದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ವಾಚ್ ಕೈಯ ಮೇಲೆ ಸುಡುವಷ್ಟು ಬಿಸಿಯಾದರೆ ಅಥವಾ ಹಿಂಬದಿಯ ಮುಚ್ಚಳ ಉಬ್ಬಿ ಅಂಚು ಬಿಟ್ಟಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಕೂಡಲೇ ಬಿಚ್ಚಿ, ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ತಯಾರಕರ ಸೇವಾ ಕೇಂದ್ರಕ್ಕೆ ಒಯ್ಯಿರಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಯಾವ ವಾಚನ್ನಾದರೂ ಬಿಚ್ಚಿಕೊಡುವ ಕೈಗಳಿವೆ, ಕಸುಬಿನ ಬಗ್ಗೆ ನನಗೆ ಗೌರವವೇ. ಆದರೆ ಒಮ್ಮೆ ಬಿಚ್ಚಿದ ವಾಚಿನ ನೀರುತಡೆಯ ಅಂಟು ಮೊದಲಿನಂತೆ ಕೂರುವುದು ಕಷ್ಟ, ಆಮೇಲೆ ಮಳೆಗೆ ಒಡ್ಡಬೇಡಿ.

ಪೇಸ್‌ಮೇಕರ್ ಇರುವವರಿಗೆ ಎರಡು ಎಚ್ಚರ. ವಾಚಿನ ಆಯಸ್ಕಾಂತದ ಚಾರ್ಜರ್, ಆಯಸ್ಕಾಂತದ ಪಟ್ಟಿ ಎದೆಯ ಹತ್ತಿರ ಬೇಡ, ಅಂಗಿಯ ಜೇಬಿನಲ್ಲಂತೂ ಇಡಲೇಬೇಡಿ. ಮೈಕೊಬ್ಬು ಅಳೆಯುವ ಸೌಲಭ್ಯ ವಾಚಿನಲ್ಲಿದ್ದರೆ ಬಳಸಬೇಡಿ, ಅದು ಮೈಯೊಳಗೆ ಸಣ್ಣ ವಿದ್ಯುತ್ ಹಾಯಿಸುತ್ತದೆ.

ವೈದ್ಯರ ಬಳಿ ಏನು ಒಯ್ಯಬೇಕು

ನಲವತ್ತು ಸ್ಕ್ರೀನ್‌ಶಾಟ್ ಒಯ್ದು ಅವರ ಮುಂದೆ ಬೆರಳಾಡಿಸಬೇಡಿ. ಒಂದು ಚೀಟಿ ಸಾಕು: ದಿನ, ಗಂಟೆ, ಏನು ಮಾಡುತ್ತಿದ್ದಿರಿ, ವಾಚ್ ಎಷ್ಟು ಹೇಳಿತು, ಬೆರಳು ಎಷ್ಟು ಹೇಳಿತು, ನಡೆ ಸಮವಿತ್ತೇ, ಮೈಗೆ ಏನನ್ನಿಸಿತು, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. ವಾಚಿನಲ್ಲಿ ಇಸಿಜಿ ಇದ್ದರೆ ತೊಂದರೆ ಆಗುತ್ತಿರುವಾಗಲೇ ತೆಗೆದ ಒಂದು ಪ್ರತಿ ಜೊತೆಗಿರಲಿ. ಅಜ್ಜಿಯ ವಿಷಯದಲ್ಲಿ ನಾನು ಬರೆದುಕೊಟ್ಟದ್ದು ಹಾಲಿನವನ ಲೆಕ್ಕದ ಹಾಳೆಯ ಹಿಂಬದಿಯಲ್ಲಿ, ಆರು ಸಾಲು. ವೈದ್ಯರು ವಾಚನ್ನು ಕೇಳಲೇ ಇಲ್ಲ. "ನಡುವೆ ಸಣ್ಣ ಅಲುಗು" ಎಂಬ ಸಾಲಿನ ಕೆಳಗೆ ಗೆರೆ ಎಳೆದು ನೇರವಾಗಿ ಇಸಿಜಿಗೆ ಕಳಿಸಿದರು.